ಫಕ್ಕೀರವ್ವನ ಪಾಲುದೀಪ

"ಮುಂಜಾನೆ ಬಂದು ಗಾಳ್ಯಾಗಿನ ಧೂಳು ಅಳದ್ರ ಏನೂ ಸಿಗೂದಿಲ್ರೀ. ಮಧ್ಯಾಹ್ನ ಮೆಣಸಿನಕಾಯಿ ರಾಶಿ ಕೆದರೂ ಹೊತ್ತಿಗೆ ಬರ್ರಿ," ಎಂದಳು ಫಕ್ಕೀರವ್ವ. ಸಂಶೋಧನೆಯ ಸಭೆಯಲ್ಲಿದ್ದ ಎಲ್ಲರೂ ಒಪ್ಪಿದರು. ತೀರ್ಮಾನ ಬರೆದದ್ದೇ ತಡ, ಅವಳ ಮುಂದಿದ್ದ ಬಿಲ್ಲೆ ಹಸಿರಾಗಿ ಬೆಳಗಿತು.

ಅದೇ ಪಾಲುದೀಪ, ಡಾ. ಶಾಲ್ಮಲಿ ಕಂಡುಹಿಡಿದ ಯಂತ್ರ. 2057ರ ಹೊತ್ತಿಗೆ ವಿಶ್ವವಿದ್ಯಾಲಯಗಳು ಜನರ ಜೊತೆ ಸೇರಿ ಮಾಡುವ ಆರೋಗ್ಯ ಸಂಶೋಧನೆಗೆಲ್ಲ ಅದರ ಅಂಕ ಕಡ್ಡಾಯವಾಗಿತ್ತು. ಸಭೆಯಲ್ಲಿ ಪ್ರತಿಯೊಬ್ಬರ ಮುಂದೂ ಒಂದು ಬಿಲ್ಲೆ. ಅದು ಆಡಿದ ಮಾತನ್ನು ಕೇಳಿಸಿಕೊಂಡು ತೀರ್ಮಾನದ ಜೊತೆ ತಾಳೆ ನೋಡುತ್ತದೆ. ನಿಮ್ಮ ಮಾತು ನಡೆದರೆ ಬೆಳಗುತ್ತದೆ, ಗಾಳಿಗೆ ಹೋದರೆ ಇಲ್ಲ. ಬೆಳಗಿದ ಲೆಕ್ಕವೇ ಪಾಲುಗಾರಿಕೆಯ ಅಂಕ. ಮನುಷ್ಯರ ಬಾಯಿ ಸುಳ್ಳು ಹೇಳಬಹುದು, ದೀಪ ಹೇಳೀತೇ?

ಫಕ್ಕೀರವ್ವ ಬ್ಯಾಡಗಿಯ ಗೋದಾಮೊಂದರಲ್ಲಿ ಇಪ್ಪತ್ತು ವರ್ಷದಿಂದ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಜೊತೆಗೇ ಕೂತು ಬಿಡಿಸುತ್ತಿದ್ದ ಮಗಳು ನೀಲವ್ವನಿಗೆ ಇಪ್ಪತ್ನಾಲ್ಕಕ್ಕೇ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಗೋದಾಮಿಗೆ ಧೂಳು ಹೀರುವ ಯಂತ್ರ ಬರಬೇಕು, ಅದಕ್ಕೆ ಪುರಾವೆ ಬೇಕು. ಅಷ್ಟಕ್ಕಾಗಿಯೇ ಅವಳು ಎರಡು ವರ್ಷ ಧೂಳಿನ ಸಂಶೋಧನೆಗೆ ಬಂದ ಶಾಲ್ಮಲಿಯ ಜೊತೆ ತಿರುಗಿದಳು. ಒಲ್ಲೆವೆಂದ ಹೆಂಗಸರನ್ನು ಕಾಡಿ ಬೇಡಿ ಕರೆತಂದಳು. "ಅಕ್ಕಾರು ನಮ್ಮವರ ಆಗ್ಯಾರ," ಎನ್ನುತ್ತ ಮನೆಯಲ್ಲಿ ಕೂರಿಸಿ ಬಿಸಿರೊಟ್ಟಿ ಬಡಿಸಿದಳು.

ಸಂಶೋಧನೆ ಮುಗಿದ ಮೇಲೆ ಅವಳು ಧೂಳು ಹೀರುವ ಯಂತ್ರದ ಮಾತೆತ್ತಿದಾಗ ಗೋದಾಮಿನ ಸಾವುಕಾರ ಒಂದು ವರದಿ ಮುಂದೆ ಹಿಡಿದ.

"ಧೂಳು ಮಿತಿಯೊಳಗ ಐತಿ ಅಂತ ಬರದಾರ ನೋಡವಾ. ಬರದಾಕಿ ಯಾರು? ಮೊದಲನೇ ಹೆಸರು ನಿಂದ!"

ಹೌದು, ಅವಳದೇ ಹೆಸರು, ಆಮೇಲೆ ಶಾಲ್ಮಲಿಯದು. ಪಾಲುಗಾರಿಕೆಗೆ ನೂರಕ್ಕೆ ತೊಂಬತ್ತಾರು ಅಂಕ. ಗಾಳಿ ಅಳೆದ ಹೊತ್ತು, ಬೆಳಿಗ್ಗೆ ಏಳು. ಏಳಕ್ಕೆ ಗೋದಾಮಿಗೆ ಒಬ್ಬ ಆಳೂ ಬಂದಿರುವುದಿಲ್ಲ.

ಕೊನೆಯ ಸಭೆಯಲ್ಲಿ ಅವಳು ನೇರವಾಗಿಯೇ ಕೇಳಿದಳು. "ಹೊತ್ತು ಬದಲು ಮಾಡಿದವರು ಯಾರ್ರೀ?"

ಶಾಲ್ಮಲಿ ಕಣ್ಣು ತಪ್ಪಿಸಿದಳು. "ಮಧ್ಯಾಹ್ನ ಅಳೆಯೋಕೆ ಸಾವುಕಾರರು ಬಿಡಲಿಲ್ಲ, ಫಕ್ಕೀರವ್ವ. ಕೆಲಸವೇ ನಿಂತುಹೋಗ್ತಿತ್ತು. ನಮ್ಮ ವಿಭಾಗದಲ್ಲಿ ಇನ್ನೊಂದು ಸಭೆ ಮಾಡಿ ತೀರ್ಮಾನಿಸಿದ್ವಿ."

"ಆ ಸಭಿಯೊಳಗ ದೀಪ ಇಟ್ಟಿದ್ರೇನು?"

"ಇಲ್ಲ. ಅದು ಜನರ ಸಭೆ ಅಲ್ಲವಲ್ಲ."

"ನೀವು ಇದ್ರೇನು?"

"ಇದ್ದೆ."

ಸಾವುಕಾರ ಮೋಸ ಮಾಡಿದ್ದರೆ ಫಕ್ಕೀರವ್ವ ಬೈದು ಸುಮ್ಮನಾಗುತ್ತಿದ್ದಳು, ಅವನಿಂದ ಬೇರೇನು ನಿರೀಕ್ಷೆ? ಶಾಲ್ಮಲಿಯಾದರೋ ಮನೆಯವಳಾಗಿದ್ದಳು.

"ನಂಬಿಸಿ ಕುತ್ತಿಗಿ ಕೊಯ್ದ್ರಲ್ರೀ ಅಕ್ಕಾರ! ನಮ್ಮನ್ಯಾಗ ಉಂಡು, ನನ್ನ ಹೆಸರಿಲೆನ ನನ್ನ ಮಗಳ ಬಾಳಿಗೆ ಕಲ್ಲು ಹಾಕಿದ್ರಿ. ಧೂಳಿನ ಯಂತ್ರ ಹಾಳಾಗಿ ಹೋಗ್ಲಿ, ಆ ಹಾಳ್ಯಾಗಿಂದ ನನ್ನ ಹೆಸರರ ತೆಗೀರಿ."

"ಹೆಸರು ತೆಗೆದರೆ ಅಂಕ ಬಿದ್ದುಹೋಗುತ್ತೆ," ಎಂದರು ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥರು. ಶಾಲ್ಮಲಿ ಬರೆಯಲು ತೆಗೆದಿದ್ದ ಪೆನ್ನನ್ನು ಕೆಳಗಿಟ್ಟಳು. ತೀರ್ಮಾನದ ಹಾಳೆ ಖಾಲಿಯಾಗಿಯೇ ಉಳಿಯಿತು.

ಎಲ್ಲರ ಕಣ್ಣೂ ಬಿಲ್ಲೆಯ ಮೇಲಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅದು ಬೆಳಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ತಾಯಿಗಾಗಿ ಕಾಯುತ್ತಿದ್ದ ನೀಲವ್ವ ಕೆಮ್ಮುತ್ತಿದ್ದಳು.

ಇದು 2057ರ ಮಾತು, ಪಾಲುದೀಪ ಇವತ್ತಿಗಿನ್ನೂ ಹುಟ್ಟಿಲ್ಲ. ಜನರನ್ನು ಹೊರಗಿಟ್ಟು ಮಾಡುವ ಆ ಇನ್ನೊಂದು ಸಭೆ ಮಾತ್ರ ಇವತ್ತು ಬೆಳಿಗ್ಗೆಯೂ ಎಲ್ಲೋ ಒಂದು ಕಡೆ ನಡೆದಿದೆ.