ಬೀಗ, ಬಂದೂಕು, ಮುಂಗುರುಳು

ಟಿಕ್...

ಅಷ್ಟೇ. ಮತ್ತೆ ಸದ್ದಿಲ್ಲ.

ಅಣ್ಣಮ್ಮ ಚಾಪೆಯ ಮೇಲೆ ಎದ್ದು ಕೂತಳು. ಗಂಜಾಮಿನ ಕಮ್ಮಾರರ ಮನೆಯ ಮಗಳಿಗೆ ಆ ಸದ್ದು ಗೊತ್ತಿಲ್ಲದ್ದೇನಲ್ಲ. ಬಂದೂಕಿನ ಕುದುರೆಯನ್ನು ಚಿಮ್ಮಿಸುವ ಉಕ್ಕಿನ ಕಮಾನು ಬಡಿದ ಸದ್ದು. ಈ ಸರಿರಾತ್ರಿಯಲ್ಲಿ, ಅಪ್ಪನ ಕುಲುಮೆಯಲ್ಲಿ?

ಬಾಗಿಲ ಸಂದಿನಿಂದ ಇಣುಕಿದಳು. ಕೆಂಡದ ಬೆಳಕಿನಲ್ಲಿ ಮಂಚಯ್ಯ ಕೂತಿದ್ದ. ಇವರ ಮನೆಯಲ್ಲೇ ಉಳಿದುಕೊಂಡಿದ್ದ ನಾಗಮಂಗಲದ ಸೋದರತ್ತೆಯ ಮಗ, ಇನ್ನು ಒಂಬತ್ತು ದಿನಕ್ಕೆ ಅವಳ ಗಂಡನಾಗುವವನು. ಕೈಯಲ್ಲಿದ್ದುದನ್ನು ಬಟ್ಟೆಯಲ್ಲಿ ಸುತ್ತಿ ಇದ್ದಿಲ ಬುಟ್ಟಿಯ ತಳಕ್ಕೆ ತುರುಕಿದ.

ಅವಳಿಗೆ ಆಮೇಲೆ ನಿದ್ದೆ ಬರಲಿಲ್ಲ.

ಇಂಗ್ಲಿಷರ ದಂಡು ಹತ್ತಿರ ಬರುತ್ತಿದೆಯೆಂದು ಪಟ್ಟಣವೆಲ್ಲ ನಡುಗುತ್ತಿತ್ತು. ಹಗಲೆಲ್ಲ ಮಂಚಯ್ಯ ಕೆಲಸ ಮಾಡುವುದು ಕೋಟೆಯೊಳಗಿನ ಆಯುಧಶಾಲೆಯಲ್ಲಿ, ಇಂಗ್ಲಿಷರ ಕಡೆಯ ಒಬ್ಬ ಪರಂಗಿ ಸೆರೆಯಾಳಿನ ಪಕ್ಕದಲ್ಲಿ. ಅವರಿಬ್ಬರೂ ಏನೋ ಗುಸುಗುಸು ಆಡುತ್ತಾರೆಂದು ಪಕ್ಕದ ಮನೆಯ ಪಾರ್ವತಮ್ಮ ಎರಡು ಸಲ ಹೇಳಿದ್ದಳು. ಶತ್ರುವಿಗೆ ಸುದ್ದಿ ಕೊಡುವವನನ್ನು ಮನೆಯಲ್ಲಿಟ್ಟುಕೊಂಡರೆ ಅಪ್ಪನ ತಲೆಯೂ ಉಳಿಯುವುದಿಲ್ಲ. ಸಾಲದ್ದಕ್ಕೆ, ಉಪ್ಪಿನಕಾಯಿ ಜಾಡಿ ಕೂಡ ದಿನದಿನಕ್ಕೆ ಇಳಿಯುತ್ತಿತ್ತು. ಯಾರಿಗೆ ಒಯ್ಯುತ್ತಾನೆ?

ಬೆಳಗ್ಗೆ ಅವನು ನೀರಿಗೆ ಹೋದಾಗ ಬುಟ್ಟಿಗೆ ಕೈ ಹಾಕಿದಳು. ಬಟ್ಟೆಯ ಗಂಟಿನ ಮೇಲೆ ಒಂದು ಕಡತವಿತ್ತು, ಕರಿ ಬಳಿದ ಬಟ್ಟೆಯ ಮಡಿಕೆ ಪುಸ್ತಕ. ಅದರಲ್ಲಿ ಬಳಪದಿಂದ ಬರೆದ ಮೂರು ಚಿತ್ರ. ಬಾಗಿಲ ಬೀಗ, ಬಂದೂಕಿನ ಕುದುರೆ, ಒಂದು ಹೆಣ್ಣಿನ ಮುಂಗುರುಳು. ಮೂರರ ಕೆಳಗೂ ಒಂದೇ ಪರಂಗಿ ಬರಹ.

ಕೋಟೆ ಬಾಗಿಲು. ಬಂದೂಕು. ಹೆಣ್ಣು ಯಾರು...?

“ಕೇಳಿದ್ರೆ ನಾನೇ ತೋರಿಸ್ತಿದ್ನಲ್ಲ.” ಬೆನ್ನ ಹಿಂದೆ ಮಂಚಯ್ಯ ನಿಂತಿದ್ದ.

ಅವಳು ಕಡತವನ್ನು ಎದೆಗವಚಿಕೊಂಡಳು. “ನಿಜ ಹೇಳು ಬಾವ. ಸುಳ್ಳಾದ್ರೆ ಅಪ್ಪನ್ನ ಕೂಗ್ತೀನಿ.”

ಅವನು ಕುಕ್ಕರುಗಾಲಿನಲ್ಲಿ ಕೂತು ಹೇಳತೊಡಗಿದ. ಆ ಸೆರೆಯಾಳು ಬೀಗದ ಕಮ್ಮಾರರ ಮನೆಯವನಂತೆ. ಅವರ ಮಾತಿನಲ್ಲಿ ಬೀಗಕ್ಕೂ ಬಂದೂಕಿನ ಕುದುರೆ, ಕಮಾನು ಸೇರಿದ ಭಾಗಕ್ಕೂ ಲಾಕು ಅಂತಲೇ ಹೆಸರು, ಚಿತ್ರಗಳ ಕೆಳಗಿನ ಬರಹವೂ ಅದೇ. ಬಂದೂಕಿನದನ್ನೂ ಬೀಗದವರೇ ಮಾಡುತ್ತಿದ್ದುದಕ್ಕೆ ಆ ಹೆಸರು ಬಂದಿರಬೇಕೆಂದು ಸೆರೆಯಾಳಿನ ಊಹೆ. ಕೂದಲಿನ ಸುರುಳಿಗೂ ಲಾಕು ಎನ್ನುತ್ತಾರೆ, ಆದರೆ ಅದರ ಬೇರು ಬೇರೆ, ಬಾಗಿದ್ದು ಅಂತಲೋ ಏನೋ.

“ಪುಕ್ಕಟೆ ಹೇಳ್ಕೊಟ್ನಾ? ಬದಲಿಗೆ ಏನ್ ಕೇಳ್ದ?”

“ಉಪ್ಪಿನಕಾಯಿ.” ಮಂಚಯ್ಯ ನೆಲ ನೋಡಿದ. “ನಿಮ್ಮನೇದೇ ಒಯ್ದು ಕೊಟ್ಟೆ.”

ನಗು ಬಂತು, ತಡೆದುಕೊಂಡಳು. “ರಾತ್ರಿ ಸದ್ದು?”

ಅವನು ಗಂಟು ಬಿಚ್ಚಿದ. ಅಂಗೈಯಷ್ಟು ಬೀಗ, ಮೈಮೇಲೆ ಬಳ್ಳಿ. ಮಂಚಯ್ಯನ ಮನೆತನದಲ್ಲಿ ಮದುವಣಗಿತ್ತಿಯ ಪೆಟ್ಟಿಗೆಗೆ ಗಂಡೇ ಬೀಗ ಮಾಡಬೇಕು. ಧಾರೆಯ ದಿನದವರೆಗೆ ಅವಳು ನೋಡಬಾರದು. ಅದಕ್ಕೇ ರಾತ್ರಿಯ ಕೆಲಸ.

ಬೀಗ ಒತ್ತಿದಳು. ಟಿಕ್. ತಟ್ಟನೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಈ ಕಮಾನು ಬಂದೂಕಿಂದು...”

“ಮುರಿದದ್ದು ಕಣೆ. ಆಯುಧಶಾಲೆ ಕಸದಲ್ಲಿ ಬಿದ್ದಿತ್ತು.”

“ಅರಮನೆ ಉಕ್ಕು, ಬಾವ. ಸಿಕ್ಕಿಬಿದ್ರೆ ಕೈ ಕತ್ತರಿಸ್ತಾರೆ.”

“ಗೊತ್ತು. ಬೇರೆ ಉಕ್ಕು ಇಂಗೆ ಬಾಗಾಕಿಲ್ಲ. ನಿನ್ನ ಪೆಟ್ಟಿಗೆಗೆ ನಾಕು ದಿನಕ್ಕೆ ಸಡಿಲಾಗೋದನ್ನ ಮಾಡ್ಲಾ?”

ಅಣ್ಣಮ್ಮನ ಕಣ್ಣು ತುಂಬಿತು. “ಮುಂಗುರುಳು ಯಾರ್ದು?”

“ಒಲೆ ಊದುವಾಗ ನಿನ್ ಅಣೆ ಮೇಲೆ ಬೀಳ್ತದಲ್ಲ, ಅದು.”

ಅವಳು ಸೆರಗಿನ ತುದಿ ಒದ್ದೆ ಮಾಡಿ ಕಡತದಲ್ಲಿನ ಬೀಗದ ಚಿತ್ರ ಒರೆಸಿದಳು, ಬಂದೂಕು ಒರೆಸಿದಳು, ಪರಂಗಿ ಬರಹವನ್ನೂ ಒರೆಸಿದಳು. ಮುಂಗುರುಳನ್ನು ಮಾತ್ರ ಬಿಟ್ಟಳು.

ಹೊರಗೆ ಅಪ್ಪ ಶಿವಲಿಂಗಯ್ಯ ಕೆಮ್ಮುತ್ತಾ, ರಾತ್ರಿ ಅದೇನು ಸದ್ದು ಎಂದು ಕೇಳುತ್ತಿದ್ದ.

“ಇಲಿ ಕಣಪ್ಪ,” ಎಂದಳು.

ಬೀಗ ಅವಳ ಮಡಿಲಲ್ಲಿತ್ತು. ಅಪ್ಪನಿಗಾಗಲಿ, ಪಾರ್ವತಮ್ಮನಿಗಾಗಲಿ, ಮುಂದೆ ಹುಟ್ಟುವ ಮಕ್ಕಳಿಗಾಗಲಿ... ಯಾರಿಗೂ ಹೇಳುವುದಿಲ್ಲವೆಂದು ಆಗಲೇ ನಿರ್ಧರಿಸಿದ್ದಳು.