ಅತ್ತಿ ಲೆನ್ಸಿನಲ್ಲಿ ತೆಗೆದ ಫೋಟೋ

ಫಿಲ್ಮನ್ನು ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದೆ. ನೋಡಿದ ಕೂಡಲೇ ಮೈಯೆಲ್ಲ ಉರಿದುಹೋಯಿತು. ನನ್ನ ಮುಖದ ಸಿಡುಬಿನ ಕಲೆ ಒಂದೂ ತಪ್ಪದೆ ಬಂದಿತ್ತು. ಎಡಗೆನ್ನೆಯ ಹನ್ನೊಂದು, ಬಲಗೆನ್ನೆಯ ಏಳು, ಮೂಗಿನ ತುದಿಯದೊಂದು. ಎಣಿಕೆ ತಪ್ಪಲು ನಾನೇನು ಹೊರಗಿನವಳೇ?

ಸತ್ಯಪ್ಪ ಮೋಸ ಮಾಡಿದ್ದ. ‘ಅವ್ವ’ನನ್ನು ಹಾಕ್ರಿ ಎಂದು ನಾನು ಬಡಕೊಂಡಿದ್ದೆ. ಈ ಪುಣ್ಯಾತ್ಮ ‘ಅತ್ತಿ’ಯನ್ನು ಹಾಕಿದ್ದ.

ಇದು ತಿಳಿಯಬೇಕಾದರೆ ಅವನ ಕ್ಯಾಮೆರಾದ ವಿಷಯ ಹೇಳಬೇಕು. ರಾಮದುರ್ಗದ ಬಸ್ ಸ್ಟ್ಯಾಂಡಿನ ಎದುರು ನಮ್ಮ ಸ್ಟುಡಿಯೋ, ಅದರ ಹಿಂದೆಯೇ ಮನೆ. ಅಪ್ಪ ಪರಪ್ಪನದು ಮೂರು ಕಾಲಿನ ಹಳೆಯ ದೊಡ್ಡ ಕ್ಯಾಮೆರಾ, ತಲೆಯ ಮೇಲೆ ಕರಿಯ ಬಟ್ಟೆ ಹೊದ್ದು ತೆಗೆಯುವಂಥದು. ಸತ್ಯಪ್ಪ ಕಟಕೋಳದವನು. ಆರು ವರ್ಷದಿಂದ ನಮ್ಮಲ್ಲೇ ಕೆಲಸ, ಮಧ್ಯಾಹ್ನದ ಊಟವೂ ನಮ್ಮ ಮನೆಯಲ್ಲೇ. ಅವನ ಕಾಕಾ ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿದ್ದ. ತನ್ನ ದೇಶಕ್ಕೆ ಮರಳುತ್ತಿದ್ದ ರಷ್ಯಾದ ಇಂಜಿನಿಯರನೊಬ್ಬನಿಂದ ಒಂದು ಝೋರ್ಕಿ ಕ್ಯಾಮೆರಾ, ಎರಡು ಲೆನ್ಸು ತಂದು ಸತ್ಯಪ್ಪನ ಕೈಯಲ್ಲಿಟ್ಟಿದ್ದ.

ಒಂದರ ಹೆಸರು ಜುಪಿಟರ್, ಇನ್ನೊಂದರದು ಇಂಡಸ್ಟಾರ್. ಲೆನ್ಸಿನ ಮೇಲಿದ್ದ ಅಕ್ಷರ ನಮಗ್ಯಾರಿಗೂ ಓದಲು ಬರುತ್ತಿರಲಿಲ್ಲ, ಕಾಕಾ ಹೇಳಿದ್ದೇ ವೇದವಾಕ್ಯ. ಜುಪಿಟರನ್ನು ಪೂರ್ತಿ ತೆರೆದು ತೆಗೆದರೆ ಮುಖದ ಮೇಲೆ ಹಾಲಿನ ಕೆನೆಯಂಥ ಮೆತ್ತನೆಯ ಬೆಳಕು ಕೂರುತ್ತದೆ; ಸುಕ್ಕು, ಕಲೆ ಎಲ್ಲ ಅದರಡಿ ಮುಚ್ಚಿಹೋಗುತ್ತವೆ. ಇಂಡಸ್ಟಾರಿನಲ್ಲಿ ತೆಗೆದರೆ ರೆಪ್ಪೆಯ ಕೂದಲು ಎಣಿಸಬಹುದು. ಅವುಗಳಿಗೆ ಹೆಸರಿಟ್ಟವಳು ನಾನೇ.

"ಇದು ಅವ್ವ. ಮಕ್ಕಳ ತಪ್ಪು ಕಂಡ್ರೂ ಸೆರಗು ಮುಚ್ಚತೈತಿ. ಇದು ಅತ್ತಿ. ಇಲ್ಲದ್ದನ್ನೂ ಹುಡುಕಿ ತಗೀತೈತಿ."

"ಇಲ್ಲದ್ದು ಹುಡುಕೂದಿಲ್ಲರಿ," ಎಂದ ಸತ್ಯಪ್ಪ. "ಇದ್ದದ್ದಷ್ಟ ಹೇಳತೈತಿ. ನನಗ ಇದ ಭಾಳ ಸೇರತೈತಿ."

"ನಿಮಗ ಅತ್ತಿನ ಸೇರತಾಳಂದ್ರ, ನಿಮ್ಮನ್ನ ಮಾಡಿಕೊಳ್ಳಾಕಿ ಗತಿ ಏನ್ರಿ?"

ಅವನ ಕಿವಿ ಕೆಂಪಾಯಿತು. ಲೆನ್ಸು ಒರೆಸುವ ಬಟ್ಟೆಯಿಂದ ಒಮ್ಮೆ ತನ್ನ ಮುಖವನ್ನೇ ಒರೆಸಿಕೊಂಡ. ನಾನು ನಗು ತಡೆಯಲು ಒಳಗೆ ಓಡಿದೆ.

ಇನ್ನೊಂದು ದಿನ ಆ ಕ್ಯಾಮೆರಾದ ಪುಟ್ಟ ಕಿಟಕಿಯಲ್ಲಿ ನನಗೂ ನೋಡಲು ಕೊಟ್ಟ. ಅದರ ರೀತಿಯೇ ಬೇರೆ. ಎದುರಿಗಿದ್ದವರು ಮೊದಲು ಎರಡೆರಡಾಗಿ ಕಾಣುತ್ತಾರೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡು ಬಿಂಬವೂ ಸರಿದು ಸರಿದು ಒಂದರ ಮೇಲೊಂದು ಕೂರುತ್ತವೆ. ಆಗ ಒತ್ತಬೇಕು.

"ಇಬ್ಬರು ಸತ್ಯಪ್ಪ ಅದಾರಲ್ರಿ ಇಲ್ಲೆ! ಯಾರನ್ನ ನೋಡ್ಲಿ?"

"ತಿರುವ್ರಿ. ಇಬ್ಬರೂ ಒಂದಾಗೂ ಮಟಾ ತಿರುವ್ರಿ."

"ಹೂಂ, ಒಂದಾತು."

"ಹಂಗಾರ ಅಲುಗಾಡಬ್ಯಾಡ್ರಿ."

ನಾನು ಅಲುಗಾಡಲಿಲ್ಲ. ಅವನೂ ಅಲುಗಾಡಲಿಲ್ಲ. ಒಳಗಿನಿಂದ ನಮ್ಮವ್ವ ಶೆಟ್ಟೆವ್ವ, "ಲಗಮೀ, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಕರಕಾಗಾಕತ್ತೈತಿ, ಸತ್ತಿಯೋ ಇದ್ದಿಯೋ!" ಎಂದು ನನ್ನನ್ನು ಕೂಗುವವರೆಗೂ ಹಾಗೇ ಇದ್ದೆವು. ಅಂದಿನಿಂದ ಅವನು ನನ್ನವನು ಎಂದು ನಾನು ನನ್ನಷ್ಟಕ್ಕೆ ಅಂದುಕೊಂಡುಬಿಟ್ಟೆ. ಅವನು ಮಾತ್ರ ಬಾಯಿ ಬಿಡಲಿಲ್ಲ.

ಸ್ಟುಡಿಯೋದಲ್ಲಿ ನನ್ನದೂ ಒಂದು ಕೆಲಸವಿತ್ತು. ಅಪ್ಪನ ಕ್ಯಾಮೆರಾದ ನೆಗೆಟಿವ್ ಅಂಗೈ ಅಗಲ. ಅದರ ಮೇಲೆ ಚೂಪು ಪೆನ್ಸಿಲ್ ಆಡಿಸಿ ಊರವರ ಸುಕ್ಕು, ಮೊಡವೆ ಅಳಿಸುವವಳು ನಾನು. ಕನ್ಯಾ ತೋರಿಸುವ ಫೋಟೋ ಎಂದರೆ ಹೆಣ್ಣಿನವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನನ್ನ ಫೋಟೋವನ್ನೂ ನಾನೇ ತಿದ್ದಿದೆ, ಎರಡು ಸಲ. ಸವದತ್ತಿಯವರು ಬಂದರು, ಒಮ್ಮೆ ಕೈಯಲ್ಲಿದ್ದ ಫೋಟೋ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಚಹಾ ಮುಟ್ಟದೆ ಎದ್ದು ಹೋದರು. ಕಿತ್ತೂರಿನವರು ಚಹಾ ಕುಡಿದರು. ಹೋಗುವಾಗ ಅವರ ಮನೆಯ ಹಿರಿಯ ಹೆಂಗಸು, "ಫೋಟೋ ತಿದ್ದಿದವರ ಕೈಗೆ ಬಂಗಾರದ ಕಡಗ ಹಾಕಬೇಕ ನೋಡ್ರಿ," ಎಂದು ಎಲ್ಲರಿಗೂ ಕೇಳುವಂತೆ ಅಂದಳು. ನಾನು ಹಿತ್ತಿಲಿಗೆ ಹೋಗಿ ಅತ್ತೆ. ಎರಡೂ ದಿನ ಸತ್ಯಪ್ಪ ಅಲ್ಲೇ ಇದ್ದ. ಎರಡೂ ದಿನ ಸುಮ್ಮನಿದ್ದ.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಬೈಲಹೊಂಗಲದಿಂದ ಮೂರನೆಯ ಸಂಬಂಧ ಬಂತು. ಹುಡುಗ ಅಮೋಘಸಿದ್ದಪ್ಪ, ಸಾಲಿ ಮಾಸ್ತರ. ಅಪ್ಪ ತನ್ನ ಕ್ಯಾಮೆರಾಕ್ಕೆ ತಾನೇ ಕರಿಯ ಬಟ್ಟೆ ಮುಚ್ಚಿಬಿಟ್ಟ.

"ಸತ್ಯಾ, ನಿನ್ನ ಕ್ಯಾಮೆರಾದಾಗ ತಗಿ. ಪೆನ್ಸಿಲ್ ತಿದ್ದಿದ್ದು ಗೊತ್ತಾಗತೈತಿ. ನಿನ್ನ ಜುಪಿಟರ್ ತಿದ್ದಿದ್ದು ದೇವರಿಗೂ ಗೊತ್ತಾಗೂದಿಲ್ಲ."

ಆಗಲಾದರೂ ಇವನು ಒಂದು ಮಾತು ಆಡಿಯಾನು ಎಂದು ಕಾದೆ. ಅವನು, "ಹೂಂರಿ ಮಾಲಕ್ರ," ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸರಿ ಹಾಗಾದರೆ, ಚೆಂದಾಗಿ ತೆಗೆಯಲಿ, ಮದುವೆಯಾಗಿ ಹೊರಟೇಹೋಗುತ್ತೇನೆ ಎಂದುಕೊಂಡು ಹಸಿರು ಇಳಕಲ್ ಸೀರೆ ಉಟ್ಟು, ‘ಅವ್ವ’ನನ್ನೇ ಹಾಕ್ರಿ ಎಂದು ಹತ್ತು ಸಲ ಹೇಳಿ ಸ್ಟೂಲಿನ ಮೇಲೆ ಕೂತೆ.

ಅಪ್ಪ ಫೋಟೋ ತೆಗೆಯುವಾಗ ಬಟ್ಟೆಯೊಳಗೆ ಅವನ ಮುಖವೇ ಕಾಣುವುದಿಲ್ಲ. ನಾವು ಒಂದು ಡಬ್ಬಿಯನ್ನು ನೋಡುತ್ತೇವೆ. ಸತ್ಯಪ್ಪನ ಪುಟ್ಟ ಕ್ಯಾಮೆರಾದ ಹಿಂದೆ ಅವನ ಬಲಗಣ್ಣು ಮಾತ್ರ ಮರೆಯಾಗುತ್ತದೆ, ಎಡಗಣ್ಣು ಹೊರಗೇ ಉಳಿಯುತ್ತದೆ. ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನೂ ಬಿಡಲಿಲ್ಲ, ನೋಡಿದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವನು ಒತ್ತಿದ.

ಮರುದಿನ ತೊಳೆದ ಫಿಲ್ಮಿನಲ್ಲಿ ನನಗೆ ಸಿಕ್ಕಿದ್ದು ಆ ಹನ್ನೊಂದು, ಏಳು, ಒಂದು. ಅಂಚೆಚೀಟಿಯಷ್ಟಿರುವ ಆ ನೆಗೆಟಿವಿನ ಮೇಲೆ ನನ್ನ ಪೆನ್ಸಿಲಿನ ಆಟವೂ ನಡೆಯುವುದಿಲ್ಲ. ಅಪ್ಪ ಯಾರದೋ ಮದುವೆಯ ಫೋಟೋಕ್ಕೆಂದು ಸವದತ್ತಿಗೆ ಹೋಗಿದ್ದ. ಸತ್ಯಪ್ಪ ಹೊರಗೆ ಶೋಕೇಸಿನ ಗಾಜು ಒರೆಸುತ್ತಿದ್ದ. ಸಿಟ್ಟು ಬಂದರೆ ನನ್ನ ಬಾಯಿಂದ ‘ರೀ’ ಉದುರಿಹೋಗುತ್ತದೆ.

"ಯಾಕ ಹಿಂಗ ಮಾಡಿದಿ? ನನ್ನ ಮಾರಿ ಮ್ಯಾಲಿನ ಕಲಿ ಎಣಿಸೂದು ನಿನಗ ಅಷ್ಟು ಚೆಂದ ಕಂಡಿತೇನು?"

"ಹಂಗಲ್ಲರಿ. ನೀವು ಹಿತ್ತಲದಾಗ ಅತ್ತದ್ದು ಎರಡು ಸಲ ಕೇಳೇನಿ. ಮೂರನೇದ್ದು ಕೇಳಾಕ ನನ್ನಿಂದ ಆಗೂದಿಲ್ಲ. ಬರೂವವರು ಎಲ್ಲಾ ನೋಡಿಕೊಂಡ ಬರಲಿ."

"ಬಂದ್ರ ಅಲ್ಲೇನು? ಇದನ್ನ ನೋಡಿ ಯಾವ ಮೂಳ ಬರತಾನ?"

ಅವನು ಗಾಜು ಒರೆಸುವ ಬಟ್ಟೆ ಹಿಂಡುತ್ತ ನಿಂತ. ಇಷ್ಟು ಹೇಳಿದವನು ಇನ್ನೊಂದು ಮಾತು ಹೇಳಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು?

ಹಟಕ್ಕೆ ಬಿದ್ದೆ. ಡಾರ್ಕ್‌ರೂಮಿಗೆ ಹೋಗಿ ಅದೇ ನೆಗೆಟಿವಿನಿಂದ ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟ್ ಹಾಕಿ, ಒಂದು ಚುಕ್ಕೆಯನ್ನೂ ಮುಟ್ಟದೆ, ಅಪ್ಪ ಮರಳುವ ಮೊದಲೇ ಲಕೋಟೆಗೆ ಹಾಕಿ ಬೈಲಹೊಂಗಲಕ್ಕೆ ಟಪಾಲು ಮಾಡಿದೆ. ಈ ಸಲ ಒಲ್ಲೆವೆನ್ನುವವರು ಟಪಾಲಿನಲ್ಲೇ ಒಲ್ಲೆವೆನ್ನಲಿ, ಚಹಾಪುಡಿಯಾದರೂ ಉಳಿದೀತು.

ಒಂಬತ್ತು ದಿನಕ್ಕೆ ಉತ್ತರ ಬಂತು. ಅಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. ಫೋಟೋದಲ್ಲಿ ಮುಚ್ಚುಮರೆ ಇಲ್ಲದ್ದು ಕಂಡು ಸಂತೋಷವಾಯಿತು, ಹುಡುಗನಿಗೆ ಒಪ್ಪಿಗೆಯಿದೆ, ಬರುವ ಸೋಮವಾರ ಸಕ್ಕರೆ ತಂದು ನಿಶ್ಚಯ ಮಾಡಿಕೊಂಡೇ ಹೋಗುತ್ತೇವೆ.

ನಮ್ಮವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಎಲ್ಲ ಜುಪಿಟರಿನ ಮಹಿಮೆ ಎಂದೇ ತಿಳಿದು ಸತ್ಯಪ್ಪನ ಬೆನ್ನಿಗೆ ಗುದ್ದಿ, "ನಿನ್ನ ಕೈಗುಣ ನೋಡಲೇ! ನಿಶ್ಚಯದ ಫೋಟೋನೂ ನೀನ ತಗೀಬೇಕು," ಎಂದ. ಸತ್ಯಪ್ಪನ ಮುಖ ಸುಣ್ಣದ ಗೋಡೆಯಾಗಿತ್ತು. ಆದರೂ, "ಹೂಂರಿ," ಎಂದ.

ಆ ‘ಹೂಂ’ ಕೇಳಿ ನನ್ನ ಎದೆ ಒಡೆಯಿತು. ಭಾನುವಾರ ಮಧ್ಯಾಹ್ನ ಅವನು ಊಟಕ್ಕೆ ಕೂತಾಗ, ಅವ್ವ ನೀರಿಗೆ ಹೋದ ಹೊತ್ತು ನೋಡಿ, ತಾಟಿನ ಮುಂದೆಯೇ ಹಿಡಿದೆ.

"ನಾಳೆ ನಿಶ್ಚಯ ಆದ್ರ ನಾ ಹೋಗಾಕಿ. ಏನರ ಹೇಳೂದೈತೇನು?"

ಅವನು ರೊಟ್ಟಿ ಮುರಿದವನು ಹಾಗೇ ಇಟ್ಟ. "ಆ ಮನಷಾ ಛಲೋ ಅದಾನ್ರಿ. ಪತ್ರದಾಗ ಗೊತ್ತಾಗತೈತಿ. ಉಂಡ ಮನಿಗೆ ಎರಡು ಬಗಿಯೂದು ನನ್ನಿಂದ ಆಗೂದಿಲ್ಲ."

"ಕ್ಯಾಮೆರಾಕ್ಕೊಂದು ನ್ಯಾಯ, ಬಾಯಿಗೊಂದು ನ್ಯಾಯ ಏನೋ ನಿಂದು? ನನ್ನ ಕಲಿ ಊರಿಗೆ ತೋರಿಸಾಕ ಧೈರ್ಯ ಬಂತು. ನಿನ್ನ ಎದಿಯಾಗಿನ ಒಂದು ಮಾತು ನನಗ ತೋರಿಸಾಕ ಬರೂದಿಲ್ಲ?"

ಅವನು ಎದ್ದು ಕೈ ತೊಳೆದ. ಆರು ವರ್ಷದಲ್ಲಿ ಮೊದಲ ಸಲ ಅವನ ತಾಟಿನಲ್ಲಿ ರೊಟ್ಟಿ ಉಳಿಯಿತು. ನಾನು ಅದನ್ನು ಎತ್ತಿಡಲೂ ಆಗದೆ ಅಲ್ಲೇ ಕೂತೆ.

ಸೋಮವಾರ ಅವರು ಬಂದರು. ಹುಡುಗ, ಅವನ ತಾಯಿ ಗುರವ್ವ, ಸೋದರಮಾವ ದುಂಡಪ್ಪ. ಓಣಿಯ ನಾಲ್ಕು ಮಂದಿ ಹಿರಿಯರೂ ಕೂತಿದ್ದರು. ಅಮೋಘಸಿದ್ದಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಸಣಕಲ ಮನುಷ್ಯ. ನಾನು ಚಹಾ ಕೊಟ್ಟಾಗ ನನ್ನ ಮುಖ ನೋಡಿದ; ನೋಡಿ, ಬಲ್ಲವರನ್ನು ಕಂಡಂತೆ ನಕ್ಕ. ಒಳ್ಳೆಯವನು. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು!

ಸತ್ಯಪ್ಪ ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ.

"ಒಂದು ಮಾತು ಕೇಳ್ಲೇನ್ರಿ?" ಅಮೋಘಸಿದ್ದಪ್ಪ ಜೇಬಿನಿಂದ ನನ್ನ ಫೋಟೋ ತೆಗೆದ. "ನಮ್ಮ ಮನಿಗೆ ಭಾಳ ಫೋಟೋ ಬಂದಾವು. ಎಲ್ಲಾರೂ ಗ್ವಾಡಿ ನೋಡಿದಂಗ ನೋಡ್ಯಾರ. ನೀವೊಬ್ಬರ ನಮ್ಮವರು ಅನ್ನೂವಂಗ ನೋಡೀರಿ. ಆ ನೋಟಕ್ಕ ನಾ ಒಪ್ಪಿದ್ದು. ಅವಾಗ ಏನ್ ನೋಡಾಕತ್ತಿದ್ರಿ?"

ಹಿರಿಯರು ನಕ್ಕರು. ಕ್ಯಾಮೆರಾ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಒಳ್ಳೆಯ ಮನುಷ್ಯ ಆ ಒಂದು ಮಾತು ನಂಬಿ ಜೀವಮಾನವಿಡೀ ನನ್ನೊಡನೆ ಬಾಳುತ್ತಿದ್ದ. ಎರಡು ಸಲ ಸುಳ್ಳು ಮುಖ ಕಳಿಸಿದವಳು ನಾನು. ಸುಳ್ಳು ನೋಟವನ್ನೂ ಕೊಟ್ಟು ಕಳಿಸಲು ನನ್ನಿಂದ ಆಗಲಿಲ್ಲ.

"ಅವರನ್ನ ನೋಡಾಕತ್ತಿದ್ದೆರಿ," ಎಂದೆ. ಬೆರಳು ತೋರಿಸಲಿಲ್ಲ. ಕಣ್ಣು ತಾನಾಗಿಯೇ ಮೂಲೆಗೆ ಹೋಯಿತು.

ನಗು ನಿಂತಿತು. ದುಂಡಪ್ಪ ಧಡಕ್ಕನೆ ಎದ್ದ. ಅಮೋಘಸಿದ್ದಪ್ಪ ಅವನ ಕೈ ಹಿಡಿದು ಕೂರಿಸಿದ.

"ಚಹಾ ಬಿಟ್ಟು ಏಳಬಾರದು ಮಾವಾ. ಕುಡಿ. ಯವ್ವಾ, ನೀನೂ ಕುಡಿ."

ತಾನೂ ಕೊನೆಯ ಗುಟುಕಿನವರೆಗೆ ಕುಡಿದ. ಫೋಟೋವನ್ನು ಚಹಾದ ತಾಟಿನಲ್ಲಿಟ್ಟು, "ಇದು ನನ್ನ ಹತ್ರ ಇರೂದು ಸರಿ ಅಲ್ರಿ," ಎಂದ. ಅವನ ದನಿ ನಡುಗಿತು. ಆ ನಡುಕಕ್ಕೆ ನಾನೇ ಕಾರಣ, ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅವರು ಹೋದರು. ಹಿರಿಯರೂ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು. ಅಪ್ಪ ನನ್ನ ಮೇಲೆ ಕೈ ಎತ್ತಲಿಲ್ಲ. "ನಾಲ್ಕು ಮಂದ್ಯಾಗ ನನ್ನ ಮಾತು ಮಣ್ಣು ಮಾಡಿದಿ," ಎಂದಷ್ಟೇ ಹೇಳಿ ಡಾರ್ಕ್‌ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಅವ್ವ ತಲೆಗೆ ಕೈ ಹಚ್ಚಿ ಕೂತಳು.

ಸತ್ಯಪ್ಪ ಕ್ಯಾಮೆರಾ ಕೆಳಗಿಟ್ಟು ಆ ಬಾಗಿಲ ಮುಂದೆ ನಿಂತ. ಆ ಬಾಗಿಲು ಮುಚ್ಚಿದ್ದಾಗ ಯಾರೂ ತಟ್ಟುವಂತಿಲ್ಲ, ಅದು ನಮ್ಮ ಸ್ಟುಡಿಯೋದ ಕಟ್ಟಳೆ. ಅವನು ತಟ್ಟಲೂ ಇಲ್ಲ.

"ಮಾಲಕ್ರ, ಬಾಗಲಾ ತಗೀಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ನನಗ ಮಾತು ಬರೂದಿಲ್ಲ. ಅಕಿ ಹೇಳಿದ್ದು ಖರೆ ಐತ್ರಿ. ನಾನೂ ಅಕಿನ್ನ ನೋಡಾಕತ್ತಿದ್ದೆ. ಮೂರು ವರ್ಷ ಆತು, ಅಕಿನ್ನ ಬಿಟ್ಟು ಬ್ಯಾರೆ ಏನೂ ನೋಡಿಲ್ಲ. ಅಕಿನ್ನ ನನಗ ಕೊಡ್ರಿ. ಒಲ್ಲೆ ಅಂದ್ರ ನಾಳೆ ಕಟಕೋಳದ ಬಸ್ ಹತ್ತತೇನಿ. ಆದ್ರ ಕೇಳದ ಹೋಗೂದಿಲ್ಲ."

ಒಳಗೆ ನಳದ ನೀರು ತಟಕು ತಟಕು ಬೀಳುವುದು ಕೇಳಿಸುತ್ತಿತ್ತು. ಅದರ ನಡುವೆ ಅಪ್ಪನ ದನಿ ಬಂತು.

"ಸತ್ಯಾ, ಎರಡು ಸಲ ಮಂದಿ ಅಕಿನ್ನ ಒಲ್ಲೆ ಅಂದು ಎದ್ದು ಹ್ವಾದ್ರು. ನೀ ಇಲ್ಲೇ ಇದ್ದಿಯಲ್ಲೋ?"

"ಇದ್ದೆರಿ."

"ಅವತ್ತ ಯಾಕ ಕೇಳಲಿಲ್ಲಲೇ?" ಅಪ್ಪ ಅಳುತ್ತಿದ್ದ. "ಅವತ್ತ ಕೇಳಿದ್ರ ನನ್ನ ಮಗಳು ಅಷ್ಟು ಅಳತಿದ್ದಿಲ್ಲಲ್ಲೋ."

"ಅಂಜಿದ್ದೆರಿ."

"ನನಗ?"

"ನಿಮಗಲ್ಲರಿ." ಸತ್ಯಪ್ಪ ಬಾಗಿಲಿಗೆ ಹಣೆ ಹಚ್ಚಿದ. "ಅಕಿ ಒಲ್ಲೆ ಅಂದ್ರ ಅಂತ ಅಂಜಿದ್ದೆ. ನಾನೆಲ್ಲಿ, ಅಕಿ ಎಲ್ಲಿ?"

ಒಲ್ಲೆ ಎನ್ನುವ ಹಕ್ಕು ನನಗೂ ಇದೆ ಎಂದು ತಿಳಿದಿದ್ದವನು ಈ ಭೂಮಿಯ ಮೇಲೆ ಅವನೊಬ್ಬನೇ. ನಾನು ಹೋಗಿ ಅವನ ಪಕ್ಕದಲ್ಲಿ ನಿಂತು, ಅವ್ವ ನೋಡುತ್ತಿದ್ದಂತೆಯೇ ಅವನ ಅಂಗಿಯ ತೋಳು ಹಿಡಿದೆ.

"ಹುಚ್ಚಾ," ಎಂದೆ, "ಒಮ್ಮೆ ಕೇಳಿ ನೋಡಬೇಕಿಲ್ಲ?"

ಒಳಗೆ ಚಿಲಕ ಸರಿಯಿತು.