ಅಳತೆ ಮುಗಿಯುವವರೆಗೆ

"ನನ್ನ ಹನ್ನೊಂದು ಇಲಿಗಳನ್ನ ಲೆಕ್ಕದಿಂದ ಕಿತ್ತುಹಾಕೋಕೆ ನೀವ್ಯಾರ್ರೀ?"

ಅವಳು ಬಾಗಿಲು ತಳ್ಳಿದ ರಭಸಕ್ಕೆ ಸ್ಕ್ಯಾನ್ ಕೋಣೆಯ ಗೋಡೆಯೇ ಅದುರಿತು. ಒಳಗಿದ್ದವನು ಅವಳು ಕಳಿಸಿದ ಚಿತ್ರಗಳಿಂದ ಇಲಿಗಳ ಹೃದಯ ಅಳೆಯುವವನು. ಮುಖ ನೋಡಿದ್ದು ಇವತ್ತೇ ಮೊದಲು!

ಬೆಳವಣಿಗೆಗೆ ಸೂಚನೆ ಕೊಡುವ ಒಂದು ಜೀನ್. ಅದಿಲ್ಲದ ಇಲಿಗಳಲ್ಲಿ ಕೊಬ್ಬು ಏರುತ್ತದೆ, ಹೃದಯ ಸೊರಗುತ್ತದೆ ಎಂದು ತೋರಿಸಲು ಅವಳು ಮೂರು ವರ್ಷ ದುಡಿದಿದ್ದಳು. ಮುಂದಿನ ತಿಂಗಳು ಪ್ರಬಂಧ ಸಲ್ಲಿಸಬೇಕು. ಈಗ ಈ ಮಹಾಶಯ ಅಡ್ಡಗಾಲು ಹಾಕಿದರೆ ಕೋಪ ಬಾರದೇ ಇರುತ್ತದೆಯೇ?

"ಇವುಗಳ ಬಡಿತ ನೋಡಿ, ನಿಮಿಷಕ್ಕೆ ಮುನ್ನೂರು. ನಾನೂರೈವತ್ತಾದ್ರೂ ಇರ್ಬೇಕು. ಅರಿವಳಿಕೆ ಜಾಸ್ತಿ ಆದ್ರೆ ಗಟ್ಟಿ ಹೃದಯಾನೂ ಸೋತ ಹಾಗೇ ಕಾಣುತ್ತೆ. ಇವು ಜೀನ್ ಇರೋ ಇಲಿಗಳೋ ಇಲ್ಲದವೋ ನಂಗೊತ್ತಿಲ್ಲ. ನಿಮಗೆ ಗೊತ್ತಲ್ವಾ?"

ಗೊತ್ತಿತ್ತು... ಹನ್ನೊಂದೂ ಆ ಜೀನ್ ಇಲ್ಲದವೇ. ಏದುಸಿರು ಬಿಡುವ ಅವುಗಳನ್ನು ಕಂಡು, 'ಅಯ್ಯೋ ಪಾಪ, ನೋವಾಗದಿರಲಿ' ಎಂದು ಅವಳೇ ಅರಿವಳಿಕೆ ಒಂಚೂರು ಹೆಚ್ಚು ಕೊಟ್ಟಿದ್ದಳು. ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ಅದಕ್ಕೆ ನನ್ನ ಗೈಡ್‌ಗೆ ಹೇಳಿ ಮಾನ ಕಳೀಬೇಕಿತ್ತಾ?"

"ಗಡುವು ಮೂರು ತಿಂಗಳು ಮುಂದಕ್ಕೆ ಹಾಕಿ ಅಂತಾನೂ ಅವರನ್ನ ಕೇಳಿದ್ದೀನಿ. ಮತ್ತೆ ಅಳೆಯೋಣ."

ಉಪಕಾರ ಬೇರೆ! ಅವಳ ಮೈ ಉರಿಯಿತು.

ಈ ಸಲ ಪ್ರಯೋಗದ ಪ್ರಾಣಿಗಳನ್ನು ನೋಡಿಕೊಳ್ಳುವ ಅಕ್ಕ ಇಲಿಗಳ ಕಿವಿಯ ಗುರುತು ಮುಚ್ಚಿ ತರುತ್ತಿದ್ದಳು. ಯಾವುದು ಯಾವುದೆಂದು ಇವರಿಬ್ಬರಿಗೂ ತಿಳಿಯುವಂತಿರಲಿಲ್ಲ. ಇಲಿಗೆ ತಣ್ಣಗಾಗದಿರಲೆಂದು ಅವನು ಸ್ಕ್ಯಾನ್‌ಗೆ ಹಚ್ಚುವ ಜೆಲ್ ಅನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಸವರುತ್ತಿದ್ದ. ಅವಳು ನೋಡುತ್ತಿದ್ದಳು. ಬೇಡವೆಂದರೂ ಮನಸ್ಸು ಕೇಳಲಿಲ್ಲ.

ಒಂದು ದಿನ ಅವಳೇ ಬಾಯಿಬಿಟ್ಟಳು. "ಊಟಕ್ಕೆ ಬರ್ತೀರಾ?"

"ಅಳತೆ ಮುಗೀಲಿ," ಎಂದವನು ಮುಖ ತಿರುಗಿಸಿದ.

'ಎಷ್ಟು ಸೊಕ್ಕು! ನನ್ನ ಕಂಡರೆ ಅಷ್ಟು ತಾತ್ಸಾರವೇ?' ಅಂದು ಅವಳಿಗೆ ಊಟ ಸೇರಲಿಲ್ಲ.

ಕೊನೆಯ ದಿನ ಅಕ್ಕ ಯಾವ ಇಲಿ ಯಾವುದೆಂಬ ಪಟ್ಟಿ ತೆರೆದಳು. ಜೀನ್ ಇಲ್ಲದವುಗಳಲ್ಲಿ ಕೊಬ್ಬು ಏರಿತ್ತು. ಹೃದಯವೂ ಸೊರಗಿತ್ತು, ಮೊದಲು ಬರೆದದ್ದರ ಅರ್ಧದಷ್ಟು ಮಾತ್ರ. ಆದರೆ ನಿಜವಾಗಿ! ಅಕ್ಕ ಆಚೆ ಹೋದದ್ದೇ ತಡ, ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಈಗ ಹೇಳಬಹುದು..." ಅವನು ಯಂತ್ರ ಆರಿಸಿದ. "ನೀವಂದ್ರೆ ನಂಗೆ ತುಂಬಾ ಇಷ್ಟ."

"ಈಗಾ? ಊಟಕ್ಕೆ ಕರೆದ್ರೆ ಮುಖ ತಿರುಗಿಸಿದ್ರಲ್ಲ!"

"ಆಗ್ಲೇ ಹೇಳಿದ್ರೆ, ಇಷ್ಟದವಳ ಪರ ಅಳೆದ ಅಂತಿದ್ರು. ನಿಮ್ಮ ಮೂರು ವರ್ಷ ಮಣ್ಣುಪಾಲಾಗ್ತಿತ್ತು."

"ಅದಕ್ಕೆ ನಾನೊಬ್ಬಳೇ ಒದ್ದಾಡ್ಬೇಕಿತ್ತಾ?"

"ಅಂದ್ರೆ... ನೀವೂನಾ?"

"ಹೌದು ಕಣೋ!"

ಅವನು ಮೆಲ್ಲಗೆ ನಕ್ಕ. "ಇನ್ನೂ ಕೋಪಾನಾ?"

"ತುಂಬಾ. ಹತ್ರ ಬಾ... ಸರಿಯಾಗಿ ಬೈಬೇಕು."